ರವಿವಾರದ ತಿರುಗಾಟವೂ ಸಂಜೆಯ ಬರವಣಿಗೆಯೂ

ವಾರದ ಆರು ದಿನಗಳನ್ನು ಅಂಗಡಿ, ಕಚೇರಿ, ಶಾಲೆ, ಹೊಲಗಳ ದುಡಿಮೆಗೆ ಒಪ್ಪಿಸಿಕೊಟ್ಟ ಮನುಷ್ಯನು ಏಳನೆಯ ದಿನ ಬುತ್ತಿ ಕಟ್ಟಿಕೊಂಡು, ಮಡದಿ ಮಕ್ಕಳನ್ನೋ ಗೆಳೆಯರನ್ನೋ ಕೂಡಿಕೊಂಡು ಊರಾಚೆಗೆ ಹೊರಡುವುದು ಈಗ ನಮ್ಮ ರಟ್ಟೀಹಳ್ಳಿಯಂಥ ಊರುಗಳಲ್ಲಿಯೂ ರೂಢಿಯಾಗಿದೆ. ಮಳೆಗಾಲದಲ್ಲಿ ಕುಮುದ್ವತಿಗೆ ಹೊಸ ನೀರು ಬಂದು ಮದಗ ಮಾಸೂರಿನ ಕೆರೆ ಕೋಡಿ ಬಿದ್ದಿತೆಂಬ ಸುದ್ದಿ ಹಬ್ಬಿದೊಡನೆಯೇ ಆ ದಾರಿಯೆಲ್ಲ ವಾಹನಗಳಿಂದ ತುಂಬಿಹೋಗುತ್ತದೆ; ಚಳಿಗಾಲದಲ್ಲಿ ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನವಿಲುಗಳು, ಸವಣೂರಿನ ದೊಡ್ಡಹುಣಸೆಯ ಮರಗಳು, ಶಿಗ್ಗಾಂವಿಯ ಸಮೀಪದ ಗೊಟಗೋಡಿಯ ಶಿಲ್ಪವನ ಇವುಗಳಲ್ಲಿ ಒಂದನ್ನು ನೋಡಿ ಬರದ ಕುಟುಂಬ ವಿರಳ. ಈ ಪ್ರವೃತ್ತಿಯನ್ನು ಪಟ್ಟಣದವರ ಅನುಕರಣವೆಂದು ಹಳಿಯುವವರನ್ನು ನಾನು ಬಲ್ಲೆನಾದರೂ ಅವರ ಮಾತನ್ನು ಒಪ್ಪಲಾರೆನು. ಸೀಗೆ ಹುಣ್ಣಿಮೆಯ ದಿನ ಎತ್ತಿನ ಗಾಡಿ ಹೂಡಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಚರಗ ಚೆಲ್ಲಿ, ಬದುವಿನ ಮರದ ನೆರಳಿನಲ್ಲಿ ಕುಳಿತು ಉಂಡು ಸಂಜೆಗೆ ಮರಳುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ ಅಲ್ಲವೆ? ದುಡಿಯುವ ಜೀವಕ್ಕೆ ಬಯಲಿನ ಗಾಳಿಯೂ ಜೊತೆಯ ಊಟವೂ ಬೇಕೆಂಬುದು ಅವರಿಗೆ ತಿಳಿದಿತ್ತು.

ನನ್ನ ಚಿಂತೆ ಬೇರೊಂದು. ಹೀಗೆ ಹೋಗಿ ಬಂದ ದಿನಗಳು ಎಲ್ಲಿಗೆ ಹೋಗುತ್ತವೆ? ಮೊಬೈಲಿನಲ್ಲಿ ಒಂದೇ ಕೋಡಿಯ ನೂರು ಚಿತ್ರಗಳಿರುತ್ತವೆ. ಅದರ ಮುಂದೆ ನಿಂತು ನಕ್ಕವರ ಮುಖಗಳೂ ಇರುತ್ತವೆ. ಆದರೆ ಅಂದು ದಾರಿಯಲ್ಲಿ ಯಾರ ಹೊಲದಲ್ಲಿ ಯಾವ ಪೈರಿತ್ತು, ಕೆರೆಯ ಏರಿಯ ಮೇಲೆ ಸಿಕ್ಕ ಮುದುಕ ಏನು ಹೇಳಿದ, ಕಿರಿಯ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾರದೆ ಎಲ್ಲರೂ ಏಕೆ ಸುಮ್ಮನಾದರು ಎಂಬ ಸಂಗತಿಗಳು ಮುಂದಿನ ರವಿವಾರ ಬರುವಷ್ಟರಲ್ಲಿಯೇ ಮರೆತುಹೋಗಿರುತ್ತವೆ. ಚಿತ್ರವು ಕಂಡುದನ್ನು ಹಿಡಿಯುತ್ತದೆ; ಕೇಳಿದುದನ್ನೂ ಯೋಚಿಸಿದುದನ್ನೂ ಹಿಡಿಯಲು ಅದಕ್ಕೆ ಸಾಧ್ಯವಿಲ್ಲ. ಆದುದರಿಂದಲೇ, ಹೋಗಿ ಬಂದ ದಿನದ ಸಂಜೆ, ದಣಿವು ಆರುವ ಮೊದಲೇ, ಒಂದು ಪುಟವನ್ನಾದರೂ ಬರೆದಿಡುವ ಅಭ್ಯಾಸವನ್ನು ನಾವು ರೂಢಿಸಿಕೊಳ್ಳಬೇಕೆಂದು ನಾನು ಬಹುಕಾಲದಿಂದ ಬಲ್ಲವರೆಲ್ಲರೊಡನೆ ಹೇಳುತ್ತ ಬಂದಿದ್ದೇನೆ.

ದೂರದ ಊರಿಗೆ ಹೋದವನು ಬರೆಯುವುದು ಸಹಜ. ವಿ. ಸೀತಾರಾಮಯ್ಯನವರು ಹಂಪಿಗೆ ಹೋಗಿ ಬಂದುದರ ಫಲವಾಗಿ ‘ಪಂಪಾಯಾತ್ರೆ’ ಕನ್ನಡಕ್ಕೆ ದೊರೆಯಿತು. ನಮ್ಮ ನೆರೆಯ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋದಾಗ ‘ಸಮುದ್ರದಾಚೆಯಿಂದ’ ಹುಟ್ಟಿತು. ಅಪರಿಚಿತವಾದುದು ತಾನಾಗಿಯೇ ಲೇಖನಿಯನ್ನು ಎಳೆಯುತ್ತದೆ. ಇದಕ್ಕೆ ವಿರುದ್ಧವಾಗಿ, ಸಮೀಪದ್ದೆಲ್ಲ ನಾಳೆಯೂ ಇದ್ದೇ ಇರುವುದೆಂಬ ಭ್ರಮೆಯಿಂದ ನಾವು ಅದನ್ನು ಬರೆಯದೆ ಬಿಡುತ್ತೇವೆ. ಪರಿಣಾಮವಾಗಿ ನಮ್ಮ ಸೀಮೆಯ ದಿನನಿತ್ಯದ ಬದುಕಿನ ವಿವರಗಳನ್ನು ಪರಸ್ಥಳದವರಿಂದ ಎರವು ಪಡೆಯಬೇಕಾದ ಸ್ಥಿತಿ ಒದಗಿದೆ. ಕಂಪನಿ ಸರಕಾರದ ಆಜ್ಞೆಯಂತೆ 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮಗೆ ಅಷ್ಟೇನೂ ದೂರವಲ್ಲದ ಬನವಾಸಿಯನ್ನೂ ಹಾಯ್ದು ಹೋದನು. ದಿನದಿನವೂ ತಾರೀಖು ಹಾಕಿ, ಮಣ್ಣು ಎಂಥದು, ಬೀಜ ಎಷ್ಟು ಬೇಕು, ಕೂಲಿ ಏನು, ಯಾವ ಜಾತಿಯವರು ಯಾವ ಕಸುಬಿನಲ್ಲಿದ್ದಾರೆ ಎಂದು ಬರೆದುಕೊಂಡನು. ಆ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನ ಉದ್ದೇಶ ಆಳುವವರ ಪ್ರಯೋಜನವೇ ಆಗಿದ್ದರೂ ಅವನ ಶ್ರದ್ಧೆಯನ್ನು ಗೌರವಿಸದೆ ಇರಲಾಗದು. ಅಂದು ಅವನಿಗೆ ಉತ್ತರ ಹೇಳಿದ ರೈತರು ತಮ್ಮ ಹೊಲದ ವಿಚಾರವನ್ನು ಅವನಿಗಿಂತ ನೂರುಪಾಲು ಹೆಚ್ಚಾಗಿ ಬಲ್ಲವರಾಗಿದ್ದರು. ಆದರೆ ಉಳಿದಿರುವುದು ಅವನ ಮಾತು.

ನಮ್ಮವರಿಗೆ ಬರೆದಿಡುವ ಸಂಸ್ಕಾರವೇ ಇರಲಿಲ್ಲವೆಂದು ಇದರಿಂದ ತಿಳಿಯಲಾಗದು. ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯದ ಶಾಸನಗಳ ಮುಂದೆ ನಿಂತವರಿಗೆ ಈ ಮಾತು ಮನವರಿಕೆಯಾಗುತ್ತದೆ. ಈ ನಾಡಿನ ದಾನಶಾಸನಗಳನ್ನು ರಾಜರ ಬಿರುದುಗಳಿಗಾಗಿ ಓದುವವರೇ ಹೆಚ್ಚು. ನನಗಾದರೋ ಬಿರುದುಗಳು ಮುಗಿದ ಮೇಲೆ ಬರುವ ಭಾಗವೇ ಪ್ರಿಯವಾದುದು: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಂದನ್ನೂ ಬಿಡದೆ ಹೇಳಿ, ನಂದಾದೀಪಕ್ಕೆ ಗಾಣಿಗರು ಕೊಡಬೇಕಾದ ಎಣ್ಣೆಯನ್ನೂ ಎಲೆ ಅಡಕೆಯ ಹೇರುಗಳ ಮೇಲಿನ ಸುಂಕವನ್ನೂ ನಿಗದಿಮಾಡಿ, ಭೂಮಿಯ ಮೇರೆಯನ್ನು ಇಂಥ ಕೆರೆ, ಇಂಥ ಬನ್ನಿಮರ, ಇಂಥ ಹಿರಿಗಲ್ಲು ಎಂದು ಒಂದೊಂದಾಗಿ ಗುರುತಿಸುವ ಆ ಪಂಕ್ತಿಗಳಲ್ಲಿ ಸಾಮಾನ್ಯ ಜನರ ಒಂದು ನಿಶ್ಚಿತ ದಿನವು ಕಲ್ಲಿನ ಮೇಲೆ ನಿಂತಿದೆ. ಅನಂತರದ ಕಾಲದಲ್ಲಿಯೂ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಸಿದ ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆದವರಿದ್ದರು; ಪೇಟೆಯ ವ್ಯಾಪಾರಸ್ಥರು ಇಂದಿಗೂ ದೀಪಾವಳಿಯಲ್ಲಿ ಹೊಸ ಕಿರ್ದಿಯನ್ನು ಪೂಜಿಸಿಯೇ ತೆರೆಯುತ್ತಾರೆ. ಕೊಟ್ಟುದು, ತೆಗೆದುಕೊಂಡುದು ಬರೆಯಲು ಯೋಗ್ಯವೆಂದು ತಿಳಿದ ನಾವು, ಕಂಡುದು, ಕೇಳಿದುದು ಅಷ್ಟೇ ಯೋಗ್ಯವೆಂದು ಏಕೆ ತಿಳಿಯಲಿಲ್ಲವೋ! 1764ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯಕ್ಕೂ ಹೈದರಾಲಿಯ ಸೈನ್ಯಕ್ಕೂ ಈ ಊರಿನ ಬಳಿ ಯುದ್ಧ ನಡೆಯಿತೆಂದು ಇತಿಹಾಸವು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಆ ವಾರ ಊರಿನವರು ದನಕರುಗಳನ್ನು ಎಲ್ಲಿಗೆ ಹೊಡೆದರು, ಹಗೇವಿನ ಜೋಳ ಯಾರ ಪಾಲಾಯಿತು ಎಂಬುದನ್ನು ಹೇಳುವ ಒಂದು ಚೀಟಿ ಉಳಿದಿದ್ದರೂ ನಾನು ಅದನ್ನು ಆ ವಾಕ್ಯಕ್ಕಿಂತ ಮಿಗಿಲೆಂದು ಎಣಿಸುತ್ತಿದ್ದೆನು.

ಅಷ್ಟು ಹಿಂದಕ್ಕೆ ಹೋಗಬೇಕಾದುದೂ ಇಲ್ಲ. ಜೋಳ, ಹತ್ತಿ, ಶೇಂಗಾ ಇದ್ದ ಹೊಲಗಳಲ್ಲಿ ಗೋವಿನಜೋಳ ಹಬ್ಬಿಕೊಂಡುದು ನಮ್ಮ ಕಣ್ಣೆದುರಿಗೇ. ಈ ಪರಿವರ್ತನೆ ಯಾವ ಮುಂಗಾರಿನಲ್ಲಿ, ಯಾರ ಹೊಲದಿಂದ ಆರಂಭವಾಯಿತು, ಬಿಳಿಜೋಳದ ಕಣಜ ಬರಿದಾದ ಮನೆಯಲ್ಲಿ ರೊಟ್ಟಿ ಬಡಿಯುವ ಗೃಹಿಣಿ ಏನೆಂದಳು ಎಂಬುದನ್ನು ಅಂದಂದೇ ಬರೆದುಕೊಂಡವರು ಎಷ್ಟು ಮಂದಿ? ಸರಕಾರದ ಕಾಗದಗಳಲ್ಲಿ ಎಕರೆಗಳ ಲೆಕ್ಕ ಸಿಕ್ಕೀತು. ಆ ಗೃಹಿಣಿಯ ಮಾತು ಸಿಕ್ಕದು.

ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಸಣ್ಣ ಹಳ್ಳಿಯಲ್ಲಿದ್ದ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ದೇಶಾಂತರ ಹೋದವನಲ್ಲ. ತನ್ನ ತೋಟ, ತನ್ನ ಗುಡ್ಡ, ಅಲ್ಲಿಗೆ ಬರುವ ಹಕ್ಕಿಗಳು ಇವುಗಳನ್ನೇ ವರ್ಷಗಟ್ಟಲೆ ಗಮನಿಸಿ ಬರೆದುಕೊಂಡನು. 1789ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಜನ ಇಂದಿಗೂ ಓದುತ್ತಾರೆ. ಬಂಕಾಪುರದ ಕೋಟೆಯೊಳಗೆ ನವಿಲು ಗರಿ ಬಿಚ್ಚಿ ನಿಲ್ಲುವುದನ್ನು ವರ್ಷವರ್ಷವೂ ನೋಡಿ ಬರುವ ನಮ್ಮಲ್ಲಿ ಅಂಥ ಒಬ್ಬನು ಏಕೆ ಹುಟ್ಟಬಾರದು?

ಕಳೆದ ಶ್ರಾವಣದಲ್ಲಿ ಮದಗದ ಕೋಡಿಯ ಬಳಿ ತುಂತುರಿನಲ್ಲಿ ನಿಂತು ಚಿಕ್ಕ ಪುಸ್ತಕದಲ್ಲಿ ಏನನ್ನೋ ಗುರುತುಹಾಕಿಕೊಳ್ಳುತ್ತಿದ್ದೆನು. ಇದ್ದಿಲ ಮೇಲೆ ಗೋವಿನಜೋಳದ ತೆನೆ ಸುಡುತ್ತಿದ್ದ ವೃದ್ಧೆಯೊಬ್ಬಳು, ನಿಂಬೆಹೋಳಿಗೆ ಉಪ್ಪು ಖಾರ ಹಚ್ಚಿ ತೆನೆಗೆ ತಿಕ್ಕುತ್ತ, “ಇದರಾಗ ಬರಕೊಳ್ಳೂದು ಏನೈತ್ರೀ ಸರ? ನಾ ಇಲ್ಲೇ ಮುದುಕಿ ಆಗೀನಿ, ದಿನಾ ನೋಡಾಕತ್ತೀನಿ” ಎಂದಳು. “ಹಂಗಾರ ನೀನೇ ಹೇಳಬೇ, ಮೊದಲ ಹೆಂಗಿತ್ತು?” ಎಂದು ಕೇಳಿದೆನು. ಸ್ವಲ್ಪ ಹೊತ್ತು ಬೀಸಣಿಗೆ ಆಡಿಸಿ, “ಪುಷ್ಯ ಮಳಿ ಚಲೋ ಆದ ವರ್ಷ ಕೋಡಿ ಸಪ್ಪಳ ನಮ್ಮ ಹೊಲದ ಮಟಾ ಕೇಳತಿತ್ರೀ. ರಾತ್ರಿ ಸಪ್ಪಳ ಕೇಳಿ ನಮ್ಮ ಮಾವ, ಕೆರಿ ತುಂಬೇತಿ, ಈ ಸಲ ಭತ್ತಕ್ಕ ಚಿಂತಿಲ್ಲ ಅಂತಿದ್ದ. ಈಗ ಗಾಡಿ ಸಪ್ಪಳದಾಗ ಅದೆಲ್ಲಿ ಕೇಳಸ್ತೈತಿ” ಎಂದಳು. ನೀರಿನ ಧ್ವನಿಯಿಂದಲೇ ವರ್ಷದ ಅನ್ನವನ್ನು ಅಳೆಯುತ್ತಿದ್ದ ಮನೆಯೊಂದು ಇತ್ತೆಂಬ ಸಂಗತಿಯನ್ನು ನಾನು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ. ಅವಳ ಮಾತನ್ನು ಅವಳ ನುಡಿಯಲ್ಲಿಯೇ, ತಿದ್ದದೆ, ಅಂದಿನ ಮಳೆಯ ಹೆಸರಿನೊಡನೆ ಬರೆದುಕೊಂಡೆನು.

ಬರೆಯುವವರು ಶೈಲಿಗೆ ಅಂಜಬೇಕಾಗಿಲ್ಲ. ‘ರಮಣೀಯ’, ‘ಮನೋಹರ’ ಎಂಬ ಪದಗಳು ಯಾವ ಜಲಪಾತಕ್ಕೂ ಸಲ್ಲುವುದರಿಂದ ಮದಗದ ಕೋಡಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಸುಟ್ಟ ತೆನೆಯ ಬೆಲೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನ ಕಸುಬು, ಬುತ್ತಿಯ ರೊಟ್ಟಿಯೊಡನೆ ಇದ್ದ ಪಲ್ಯ, ಒಣಗಿದ ಹಳ್ಳದ ಹೆಸರು ಇವು ಹೇಳುತ್ತವೆ. ಮನೆಯಲ್ಲಿ ಒಬ್ಬರು ಬರೆದು ಇನ್ನೊಬ್ಬರು ಓದುವಂತಾದರೆ ಇನ್ನೂ ಲೇಸು. ಏಕೆಂದರೆ ತಂದೆ ಕಂಡ ಗುಡಿಯೇ ಬೇರೆ, ಮಗಳು ಕಂಡ ಗುಡಿಯೇ ಬೇರೆ.

ಬರುವ ರವಿವಾರ ಅಬಲೂರಿಗೆ ಹೋಗುವ ಸಂಕಲ್ಪವಿದೆ. ಸರ್ವಜ್ಞನ ಊರೆಂದು ಜನ ಹೇಳುವ ಆ ಗ್ರಾಮದ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವಿದೆ. ಹಳಗನ್ನಡವನ್ನು ಓದಬಲ್ಲ ಗೆಳೆಯರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಅವರು ಕಲ್ಲನ್ನು ಓದಲಿ. ಗುಡಿಯ ಆಸುಪಾಸಿನ ಮನೆಗಳ ಹಿರಿಯರನ್ನು ಹುಡುಕಿ, ತಾವು ಚಿಕ್ಕವರಿದ್ದಾಗ ಈ ಅಂಗಳದಲ್ಲಿ ಏನೇನು ಆಟ ಆಡುತ್ತಿದ್ದಿರಿ, ದೀಪಾವಳಿಯ ಹೋರಿಗೆ ಕೊಬ್ಬರಿಯ ಹಾರ ಕಟ್ಟುತ್ತಿದ್ದವರು ಯಾರು, ಆಗ ಊರಿನ ಕುಡಿಯುವ ನೀರಿನ ಬಾವಿ ಯಾವುದಿತ್ತು ಎಂದು ಕೇಳುವ ಕೆಲಸವನ್ನು ನಾನು ಇಟ್ಟುಕೊಂಡಿದ್ದೇನೆ.