ಕೂಟಲೇಖವೂ ವಾಹನದ ಬಿಡಿಭಾಗವೂ

ವ್ಯಾಪಾರಿಯ ನಾಲಗೆಗೆ ಹಿಂದೆ ಒಂದು ಕಾವಲಿತ್ತು. ಗಿರಾಕಿಯು ಕೆಟ್ಟುಹೋದ ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಅಂಗಡಿಯ ಮೇಜಿನ ಮೇಲೆ ಇಡುತ್ತಿದ್ದನು. ನಾವು ಹೊಸದನ್ನು ಅದರ ಪಕ್ಕದಲ್ಲಿಟ್ಟು, ಹಲ್ಲುಗಳನ್ನು ಎಣಿಸಿ, ತೂತುಗಳ ಅಂತರವನ್ನು ಅಳೆದು ಕೊಡುತ್ತಿದ್ದೆವು. ಬಾಯಿ ತಪ್ಪಿದರೂ ಕೈ ತಿದ್ದುತ್ತಿತ್ತು. ಇಂದು ಬೆಂಗಳೂರಿನ ಜೆ.ಸಿ. ರಸ್ತೆಯ ಮಳಿಗೆಯೊಂದರಿಂದ ಬೀದರಿನ ಗಿರಾಕಿಗೆ ಬ್ರೇಕ್ ಪ್ಯಾಡ್ ಹೋಗುತ್ತದೆ; ಒಬ್ಬರ ಮುಖವನ್ನು ಇನ್ನೊಬ್ಬರು ಕಂಡಿರುವುದಿಲ್ಲ. ನಡುವೆ ಇರುವುದು ಆನ್‌ಲೈನ್ ಮಾರುಕಟ್ಟೆಯಲ್ಲಿ ನಾವು ಬರೆದ ಐದಾರು ಸಾಲುಗಳ ವಿವರಣೆ ಮತ್ತು ಒಂದೆರಡು ಚಿತ್ರಗಳು ಮಾತ್ರ. ಪೊಟ್ಟಣವನ್ನು ಬಿಚ್ಚುವವರೆಗೆ ಗಿರಾಕಿಯ ಪಾಲಿಗೆ ಆ ಬರಹವೇ ಸರಕು, ಆ ಬರಹವೇ ವ್ಯಾಪಾರಿ.

ಹೀಗಿರುವಾಗ ನಮ್ಮ ಸಮಾಜದ ತರುಣ ವ್ಯಾಪಾರಿಗಳಲ್ಲಿ, ಕೆಲವು ಹಿರಿಯರಲ್ಲಿಯೂ, ಒಂದು ವಿಚಿತ್ರವಾದ ವಾದ ಕೇಳಿಬರುತ್ತಿದೆ. "ಲಿಸ್ಟಿಂಗ್ ಎಂಬುದು ಜಾಹೀರಾತು, ಜಾಹೀರಾತಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಲೋಕರೂಢಿ, ಸತ್ಯಾಣುವ್ರತವು ನಾವು ಬಾಯಿಂದ ಆಡುವ ಮಾತಿಗೆ ಸಂಬಂಧಿಸಿದ್ದು" ಎಂಬುದೇ ಆ ವಾದ. ಇದು ಅಜ್ಞಾನದ ಮಾತೆಂದು ಈ ಲೇಖಕನು ನಿಸ್ಸಂಕೋಚವಾಗಿ ಹೇಳಬಯಸುತ್ತಾನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಎರಡು ಪದಗಳು ನೆನಪಿರಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸಿದ್ಧಪಡಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ, ಎಂದರೆ ಅಸಲಿನಂತೆ ತೋರುವ ನಕಲಿಯನ್ನು ಅಸಲೆಂದು ಮಾರುವುದು. ಬರಹವನ್ನು ಪ್ರತ್ಯೇಕವಾಗಿ ಹೆಸರಿಸಿದ ಆಚಾರ್ಯರಿಗೆ ವ್ಯಾಪಾರಿಯ ಮನಸ್ಸು ಚೆನ್ನಾಗಿ ತಿಳಿದಿತ್ತು. ಲೇಖನಿಯ ಬದಲು ಕೀಲಿಮಣೆ ಬಂದ ಮಾತ್ರಕ್ಕೆ ವ್ರತದ ವ್ಯಾಪ್ತಿ ಕುಗ್ಗುವುದಿಲ್ಲ.

ಈಗ ಪ್ರತ್ಯಕ್ಷ ವ್ಯವಹಾರಕ್ಕೆ ಬರೋಣ. "ಎಲ್ಲಾ ಮಾಡೆಲ್‌ಗಳಿಗೂ ಹೊಂದುತ್ತದೆ" ಎಂಬುದು ಈ ಮಾರುಕಟ್ಟೆಯ ಅತ್ಯಂತ ಸಾಮಾನ್ಯವಾದ ಸುಳ್ಳು. ಹುಡುಕುವವರ ಕಣ್ಣಿಗೆ ಬೀಳಲೆಂದು ಒಂದೇ ಶೀರ್ಷಿಕೆಯಲ್ಲಿ ಹತ್ತು ವಾಹನಗಳ ಹೆಸರನ್ನು ತುರುಕುವುದು ಇದರ ಇನ್ನೊಂದು ರೂಪ. ವಾಹನವನ್ನು ಬಲ್ಲವನು ಹೀಗೆ ಬರೆಯಲಾರ. ಸ್ಪ್ಲೆಂಡರ್ ಎಂಬ ಹೆಸರು ದಶಕಗಳಿಂದ ಇದೆ. ಆದರೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ದೇಶದಾದ್ಯಂತ ಜಾರಿಗೆ ಬಂದಾಗ ಅದರ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿತು. "ಸ್ಪ್ಲೆಂಡರ್‌ಗೆ" ಎಂದಷ್ಟೇ ಬರೆದರೆ ಯಾವ ಸ್ಪ್ಲೆಂಡರ್‌ಗೆ? 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು. ಹೆಸರು ಅದೇ ಇದ್ದರೂ ಅದಕ್ಕಿಂತ ಹಿಂದಿನ ಮತ್ತು ಮುಂದಿನ ವಾಹನಗಳ ಬ್ರೇಕ್ ಭಾಗಗಳು ಒಂದೇ ಎಂದು ಭಾವಿಸುವಂತಿಲ್ಲ.

ಸ್ಪಾರ್ಕ್ ಪ್ಲಗ್‌ನ ಉದಾಹರಣೆ ಇನ್ನೂ ಬೋಧಪ್ರದವಾದುದು. ಅದರ ಉಷ್ಣಮಾನವನ್ನು ಸೂಚಿಸುವ ಅಂಕಿ ಎನ್‌.ಜಿ.ಕೆ. ಕಂಪನಿಯಲ್ಲಿ ಏರಿದಂತೆ ಪ್ಲಗ್ ಹೆಚ್ಚು ತಂಪಿನದು. ಬಾಷ್ ಕಂಪನಿಯಲ್ಲಿ ಅಂಕಿ ಏರಿದಂತೆ ಪ್ಲಗ್ ಹೆಚ್ಚು ಬಿಸಿಯದು. ಇದನ್ನರಿಯದೆ ಅಂಕಿಗೆ ಅಂಕಿ ಹೊಂದಿಸಿ "ಸಮಾನ" ಎಂದು ಬರೆದವನು ತದ್ವಿರುದ್ಧವಾದುದನ್ನು ಮಾರಿದಂತಾಯಿತು. ದಾರದ ಭಾಗ ಅಗತ್ಯಕ್ಕಿಂತ ಉದ್ದವಾದ ಪ್ಲಗ್ಗನ್ನು ಹಾಕಿದರೆ ಅದು ಪಿಸ್ಟನ್ನಿಗೆ ತಗಲಿ ಇಂಜಿನ್ನೇ ಕೆಡಬಹುದು. ಅರಿತು ಬರೆದರೆ ಅದು ಅಸತ್ಯ. ಅರಿಯದೆ ಬರೆದರೆ ಪ್ರಮಾದ. ಹಿಂಸೆಯ ಮೂಲವೇ ಪ್ರಮಾದವೆಂದು ಕಲಿತ ನಮಗೆ ಎರಡನೆಯದೂ ಕ್ಷಮಾರ್ಹವಲ್ಲ.

ಇನ್ನು "ಒರಿಜಿನಲ್" ಎಂಬ ಪದದ ದುರವಸ್ಥೆ. ಬಿಡಿಭಾಗಗಳಲ್ಲಿ ನ್ಯಾಯವಾದ ಸರಕು ಮೂರು ಬಗೆ: ವಾಹನ ಕಂಪನಿಯು ತನ್ನ ಪೊಟ್ಟಣದಲ್ಲಿ ಕೊಡುವುದು, ಆ ಕಂಪನಿಗೆ ಭಾಗ ಒದಗಿಸುವ ತಯಾರಕನು ತನ್ನ ಹೆಸರಿನಲ್ಲಿಯೇ ಮಾರುವುದು, ಬೇರೆ ತಯಾರಕನು ಅದೇ ಅಳತೆಗೆ ಸ್ವತಂತ್ರವಾಗಿ ಮಾಡುವುದು. ಮೂರನ್ನೂ ಮಾರುವುದರಲ್ಲಿ ದೋಷವಿಲ್ಲ. ಮೂರನೆಯದು ಬಡ ಗಿರಾಕಿಗೆ ಉಪಕಾರಿಯೂ ಹೌದು. ದೋಷವಿರುವುದು ಮೂರನೆಯದನ್ನು ಮೊದಲನೆಯದರ ಹೆಸರಿನಿಂದ ಕರೆಯುವುದರಲ್ಲಿ. "ಒರಿಜಿನಲ್ ಟೈಪ್", "ಕಂಪನಿ ಕ್ವಾಲಿಟಿ" ಮುಂತಾದ ಜೋಡುಪದಗಳು ಸುಳ್ಳನ್ನು ಹೇಳದೆ ಸುಳ್ಳನ್ನು ನಂಬಿಸುವ ಉಪಾಯಗಳು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಬಿಡಿಭಾಗವು ಯಾವ ವಾಹನಕ್ಕೆ ಹೊಂದುವುದೆಂದು ತಿಳಿಸಲು ಅವಶ್ಯವಿರುವಷ್ಟು ಮಟ್ಟಿಗೆ ಆ ವಾಹನದ ಹೆಸರನ್ನು ಬಳಸಲು ಅವಕಾಶ ಕೊಟ್ಟಿದೆ. "ಇಂಥ ಕಾರಿಗೆ ಹೊಂದುತ್ತದೆ" ಎನ್ನುವುದು ಪ್ರಾಮಾಣಿಕ ಸೂಚನೆ. "ಇಂಥ ಕಾರಿನ ಅಸಲಿ ಭಾಗ" ಎನ್ನುವುದು ಬೇರೆಯೇ ಮಾತು. ಈ ಎರಡು ವಾಕ್ಯಗಳ ನಡುವಣ ಗೆರೆಯನ್ನು ಕಾಯಿದೆ ಗುರುತಿಸಿದೆ; ವ್ರತಿಯಾದವನಿಗೆ ಅದು ಕಾಣಿಸದೆ ಹೋಗುವುದು ನಾಚಿಕೆಗೇಡು.

ಪರರನ್ನು ಆಕ್ಷೇಪಿಸುವ ಮುನ್ನ ಸ್ವದೋಷವನ್ನು ಒಪ್ಪಿಕೊಳ್ಳುವುದು ಧರ್ಮ. ಕೆಲವು ವರ್ಷಗಳ ಹಿಂದೆ ನಮ್ಮ ಮಳಿಗೆಯ ಲಿಸ್ಟಿಂಗ್‌ಗಳನ್ನು ಬರೆಯುವ ಕೆಲಸವನ್ನು ಒಬ್ಬ ಹುಡುಗನಿಗೆ ವಹಿಸಿ ನಾನು ನಿಶ್ಚಿಂತನಾಗಿದ್ದೆನು. ಒಂದು ಬ್ರೇಕ್ ಪ್ಯಾಡ್‌ನ ಶೀರ್ಷಿಕೆಯಲ್ಲಿ ಅವನು ಅದಕ್ಕೆ ಸಲ್ಲದ ಬೈಕಿನ ಹೆಸರೊಂದನ್ನೂ ಸೇರಿಸಿದ್ದನು. ಹಳ್ಳಿಯ ಒಬ್ಬ ಶಾಲಾ ಶಿಕ್ಷಕರು ಅದನ್ನು ತರಿಸಿದರು. ಹಿಂದಿರುಗಿಸಲು ಅಂಚೆಯ ತಾಪತ್ರಯವೆಂದು ಊರಿನ ಮೆಕ್ಯಾನಿಕ್ ಪ್ಯಾಡ್‌ನ ಅಂಚನ್ನು ಅರದಿಂದ ಉಜ್ಜಿ ಹೇಗೋ ಕೂರಿಸಿದನು. ಮಳೆಯ ದಿನ ಅದು ಸಿಕ್ಕಿಕೊಂಡು ಅವರು ಬಿದ್ದು ಕೈ ಮುರಿದುಕೊಂಡರು. ದೂರವಾಣಿಯಲ್ಲಿ ಅವರು ಬೈಯಲಿಲ್ಲ. "ನೀವು ಬರೆದದ್ದನ್ನು ನಂಬಿದೆ ಸ್ವಾಮಿ" ಎಂದಷ್ಟೇ ಹೇಳಿದರು. ಹಣವನ್ನು ಹಿಂದಿರುಗಿಸಿದೆ, ಚಿಕಿತ್ಸೆಯ ವೆಚ್ಚವನ್ನೂ ಕೊಟ್ಟೆ. ಆ ಮಾತು ಮಾತ್ರ ಇನ್ನೂ ಲೆಕ್ಕಕ್ಕೆ ಚುಕ್ತವಾಗಿಲ್ಲ. ಕೆರೆಯ ನೀರನ್ನು ಸೋಸಿ ಕುಡಿಯುವ ನಾನು, ನನ್ನ ಹೆಸರಿನಲ್ಲಿ ಹೊರಡುವ ಬರಹವನ್ನು ಸೋಸಿರಲಿಲ್ಲ.

ಪ್ರತಿವಾದಿಗಳು ಹೇಳುವುದುಂಟು: "ನಿಜ ಬರೆದವನ ಲಿಸ್ಟಿಂಗ್ ಕೆಳಗೆ ಬೀಳುತ್ತದೆ, ಸುಳ್ಳು ಬರೆದವನದು ಮೇಲೇರುತ್ತದೆ, ಬದುಕುವುದು ಹೇಗೆ?" ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ವಾಣಿಜ್ಯ ಪದವೀಧರನಾದ ನನಗೆ ಲೆಕ್ಕದ ಎರಡು ಬದಿಗಳನ್ನೂ ನೋಡುವ ಅಭ್ಯಾಸವಿದೆ. ಸಲ್ಲದ ಭಾಗವು ಹಿಂದಕ್ಕೆ ಬಂದಾಗ ಹೋಗುವ ಸಾಗಣೆ, ಬರುವ ಸಾಗಣೆ, ಒಡೆದ ಪೊಟ್ಟಣ, ಎಣ್ಣೆ ತಗಲಿ ಮಾರಲಾಗದ ಸರಕು, ಕೆಟ್ಟ ಅಭಿಪ್ರಾಯದಿಂದ ತಪ್ಪಿಹೋದ ಮುಂದಿನ ಗಿರಾಕಿ, ಇವನ್ನೆಲ್ಲ ಖರ್ಚಿಗೆ ಬರೆಯದೆ ಮಾರಾಟವನ್ನು ಮಾತ್ರ ಜಮೆಗೆ ಬರೆದರೆ ಲಾಭ ಕಂಡೇ ಕಾಣುತ್ತದೆ. ಮೇಲಾಗಿ, ಭಾಗವನ್ನು ಅರಿತ ಮೆಕ್ಯಾನಿಕ್ಕು "ಒಳ್ಳೆಯ ಬೇರಿಂಗ್" ಎಂದು ಹುಡುಕುವುದಿಲ್ಲ. "6203" ಎಂದು ಹುಡುಕುತ್ತಾನೆ. ಆ ಒಂದು ಸಂಖ್ಯೆಯಲ್ಲಿ ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40 ಮಿ.ಮೀ., ಅಗಲ 12 ಮಿ.ಮೀ. ಎಂಬ ಮೂರು ಸತ್ಯಗಳಿವೆ. ವಿಶೇಷಣವು ಗಿರಾಕಿಯನ್ನು ಕರೆಯಬಹುದು. ಅವನನ್ನು ಮತ್ತೆ ಕರೆತರುವುದು ಸಂಖ್ಯೆಯೇ. ಇಷ್ಟಾದ ಮೇಲೂ ಸತ್ಯದಿಂದ ಒಂದಿಷ್ಟು ನಷ್ಟವಾದರೆ ಅದನ್ನು ಸಹಿಸಬೇಕು. ನಷ್ಟವೇ ಆಗದಂತಹ ವ್ರತವಾಗಿದ್ದರೆ ಅದನ್ನು ಸ್ವೀಕರಿಸುವ ವಿಧಿಯಾದರೂ ಏತಕ್ಕೆ ಬೇಕಿತ್ತು?

ಸತ್ಯವೊಂದೇ ಸಾಲದೆಂಬುದಕ್ಕೂ ದೃಷ್ಟಾಂತವಿದೆ. ಕಾರಿನಲ್ಲಿ ಸೀಟ್ ಬೆಲ್ಟ್ ಧರಿಸದಿದ್ದರೂ ಎಚ್ಚರಿಕೆಯ ಸದ್ದು ಬಾರದಂತೆ ಮಾಡುವ ಕ್ಲಿಪ್‌ಗಳನ್ನು ಈ ಮಾರುಕಟ್ಟೆಗಳಲ್ಲಿ ಬಹಿರಂಗವಾಗಿ ಮಾರಲಾಗುತ್ತಿತ್ತು. ಅವುಗಳ ವಿವರಣೆಯಲ್ಲಿ ಸುಳ್ಳಿರಬೇಕಾದ ಅಗತ್ಯವೇ ಇರಲಿಲ್ಲ. ಹೇಳಿದಂತೆಯೇ ಅವು ಸದ್ದನ್ನು ನಿಲ್ಲಿಸುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಸಂಸ್ಥೆಗಳ ವಿರುದ್ಧ ಆದೇಶ ಹೊರಡಿಸಿತು. ಅಂತಹ 13,118 ಲಿಸ್ಟಿಂಗ್‌ಗಳನ್ನು ತೆಗೆದುಹಾಕಲಾಯಿತು. ಶಸ್ತ್ರವನ್ನು ಪರರ ಕೈಗೆ ಕೊಡುವುದನ್ನು ನಮ್ಮ ಶ್ರಾವಕಾಚಾರವು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದೆ. ರಕ್ಷಣೆಯ ಸಾಧನವನ್ನು ನಿಷ್ಫಲಗೊಳಿಸುವ ವಸ್ತುವನ್ನು ಕೊಡುವುದು ಅದರಿಂದ ಎಷ್ಟು ದೂರ? ಸರ್ಕಾರದ ಆದೇಶ ಬರುವವರೆಗೆ ಕಾದು ಅನಂತರ ಲಿಸ್ಟಿಂಗ್ ತೆಗೆದವನು ದಂಡಕ್ಕೆ ಹೆದರಿದವನು, ಪಾಪಕ್ಕೆ ಹೆದರಿದವನಲ್ಲ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರಾಟಗಾರನು ತಾನೇ ಗ್ರಾಹಕನ ವೇಷ ತೊಟ್ಟು ಹೊಗಳಿಕೆ ಬರೆಯುವುದನ್ನು ನಿಷೇಧಿಸಿವೆ. ವರ್ಣಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ ಎಂದೂ ವಿಧಿಸಿವೆ. ಕಾಯಿದೆಯು ಕನಿಷ್ಠ ಮಟ್ಟ. ಅಷ್ಟನ್ನು ಪಾಲಿಸಿ ಧರ್ಮಿಷ್ಠನೆನಿಸಿಕೊಳ್ಳಬಯಸುವುದು ತೂಕದ ಕಲ್ಲನ್ನು ಸವೆಸಲಿಲ್ಲವೆಂದು ಸನ್ಮಾನ ಕೇಳಿದಂತೆ.

ಹಾಗಾದರೆ ಬರೆಯಬೇಕಾದುದು ಹೇಗೆ? ಶೀರ್ಷಿಕೆಯಲ್ಲಿ ಮೊದಲು ತಯಾರಕನ ಹೆಸರು, ಭಾಗದ ಹೆಸರು, ಭಾಗದ ಸಂಖ್ಯೆ; ಅನಂತರ ವಾಹನ, ಮಾಡೆಲ್, ಯಾವ ವರ್ಷದಿಂದ ಯಾವ ವರ್ಷದವರೆಗೆ, ಪೆಟ್ರೋಲೋ ಡೀಸೆಲ್ಲೋ, ಮುಂದಿನದೋ ಹಿಂದಿನದೋ, ಎಡವೋ ಬಲವೋ. ವಿವರಣೆಯಲ್ಲಿ ಅಳತೆಗಳು: ಕ್ಲಚ್ ಪ್ಲೇಟ್ ಆದರೆ ವ್ಯಾಸ ಮತ್ತು ಒಳಹಲ್ಲುಗಳ ಸಂಖ್ಯೆ, ಆಯಿಲ್ ಫಿಲ್ಟರ್ ಆದರೆ ದಾರದ ಅಳತೆ ಮತ್ತು ಎತ್ತರ. ಯಾವುದಕ್ಕೆ ಹೊಂದುವುದಿಲ್ಲ ಎಂಬ ಒಂದು ಸಾಲು ಅವಶ್ಯವಾಗಿ ಇರಲಿ. ಹೊಂದುತ್ತದೆ ಎಂಬ ಹತ್ತು ಸಾಲುಗಳಿಗಿಂತ ಅದಕ್ಕೆ ಬೆಲೆ ಹೆಚ್ಚು. ಚಿತ್ರವು ನಮ್ಮ ದಾಸ್ತಾನಿನಲ್ಲಿರುವ ಸರಕಿನದೇ ಆಗಿರಲಿ, ಸಂಖ್ಯೆ ಕೆತ್ತಿರುವ ಬದಿಯೂ ಅದರಲ್ಲಿ ಕಾಣಲಿ. ಬಳಸಿದ ಭಾಗವಾದರೆ ಸವೆತವನ್ನು ಮೊದಲು ತೋರಿಸಿ. ಪೊಟ್ಟಣದ ಮೇಲಿಲ್ಲದ ಗರಿಷ್ಠ ಬೆಲೆಯನ್ನು ಬರೆದು, ಅದಕ್ಕೆ ಗೀಟು ಹೊಡೆದು, ರಿಯಾಯಿತಿಯ ನಾಟಕವಾಡುವುದು ಬೇಡ. ತಿಳಿಯದಿದ್ದರೆ "ಖರೀದಿಗೆ ಮುನ್ನ ವಾಹನದ ಚಾಸಿ ಸಂಖ್ಯೆಯನ್ನು ಕಳುಹಿಸಿ" ಎಂದು ಬರೆಯಲು ಸಂಕೋಚಪಡಬಾರದು.

ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಆ ದಿನ ಆಡಿದ ಮಾತುಗಳನ್ನು ನೆನೆಯುವ ಪದ್ಧತಿ ನಮ್ಮಲ್ಲಿದೆ. ನಾವು ಮಲಗಿದ್ದಾಗಲೂ ನಮ್ಮ ಲಿಸ್ಟಿಂಗ್‌ಗಳು ಊರೂರುಗಳಲ್ಲಿ ಅಪರಿಚಿತರೊಡನೆ ಮಾತನಾಡುತ್ತಿರುತ್ತವೆ. ಆ ಮಾತುಗಳನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು, ಇಂದೇ ಒಮ್ಮೆ ತೆರೆದು ಓದಿ ತಿದ್ದಬೇಕೆಂದು, ವ್ಯಾಪಾರಿ ಬಂಧುಗಳಲ್ಲಿ ನನ್ನ ಸವಿನಯ ಪ್ರಾರ್ಥನೆ.