ಎಂಜಿನ್ನಿನ ಮಸಿಯನ್ನು ಕೆರೆಯುವ ಮುನ್ನ

ಕಳೆದ ಚಳಿಗಾಲದ ಒಂದು ಭಾನುವಾರ ನಾವು ನಾಲ್ವರು ವಿದ್ಯಾರ್ಥಿಗಳೊಡನೆ ನವಿಲುತೀರ್ಥಕ್ಕೆ ಹೋಗಿದ್ದೆವು. ಮಲಪ್ರಭೆಯು ಗುಡ್ಡಗಳ ನಡುವಣ ಇಕ್ಕಟ್ಟಾದ ಕಂದರವನ್ನು ಹೊಕ್ಕು ಮುಂದೆ ಸಾಗುವ ಆ ಸ್ಥಳದಲ್ಲಿ ಕಟ್ಟಿರುವ ಅಣೆಕಟ್ಟೂ ಅದರ ಹಿಂದೆ ಹರಡಿರುವ ರೇಣುಕಾಸಾಗರವೂ ಭೌತಶಾಸ್ತ್ರದ ಪಾಠಕ್ಕೆ ಒಳ್ಳೆಯ ಸಾಧನಗಳು. ಹೊಳೆಯು ಹೊತ್ತು ತರುವ ಹೂಳು ಜಲಾಶಯದ ತಳದಲ್ಲಿ ಕುಳಿತು, ನೀರಿಗೆ ಮೀಸಲಾದ ಸ್ಥಳವನ್ನು ಸ್ವಲ್ಪಸ್ವಲ್ಪವಾಗಿ ಆಕ್ರಮಿಸುತ್ತದೆಂದು ಅವರಿಗೆ ವಿವರಿಸಿದೆವು. ಅದೇ ಪಾಠವನ್ನು ನಮ್ಮ ಕಾರು ಅಂದೇ ಮಧ್ಯಾಹ್ನ ನಮಗೆ ಹೇಳಿಕೊಟ್ಟೀತೆಂದು ಎಣಿಸಿರಲಿಲ್ಲ.

ಅದು ತಂದೆಯವರಿಂದ ನಮಗೆ ಬಂದ, ಕಾರ್ಬ್ಯುರೇಟರ್ ಉಳ್ಳ ಹಳೆಯ ಕಾರು. ಹಿಂದಿರುಗುವಾಗ ಎಲ್ಲಮ್ಮನ ಗುಡ್ಡದ ಏರಿನಲ್ಲಿ ಎಂಜಿನ್ನಿನೊಳಗಿಂದ ಸುತ್ತಿಗೆ ಬಡಿದಂತೆ ಟಕಟಕ ಸದ್ದು ಕೇಳತೊಡಗಿತು. ಮೇಲೆ ಮುಟ್ಟಿ ಕೀಲಿಯನ್ನು ತಿರುಗಿಸಿದರೂ ಎಂಜಿನ್ನು ಒಡನೆ ನಿಲ್ಲದೆ, ಕೆಲವು ಕ್ಷಣ ಗಡಗಡ ನಡುಗುತ್ತ ಓಡಿತು. ಅಲ್ಲಿದ್ದ ಅನುಭವಿಯೊಬ್ಬರು ಕೇಳಿದೊಡನೆಯೇ ತೀರ್ಪು ಕೊಟ್ಟರು: “ಎಂಜಿನ್ದಾಗ ಕಾರ್ಬನ್ ಕುಂತೈತ್ರೀ ಸರ. ಮನ್ಯಾಗ ಚಾಲೂ ಇಟ್ಟು ಸ್ವಲ್ಪ ನೀರ ಕುಡಸ್ರಿ, ತೊಳಕೊಂಡ ಹೋಗತೈತಿ.” ಅವರ ರೋಗನಿದಾನ ಸರಿಯಾಗಿತ್ತು. ಅವರು ಹೇಳಿದ ಚಿಕಿತ್ಸೆಯ ವಿಷಯದಲ್ಲಿಯೇ ನಮ್ಮ ತಕರಾರು.

ಪೆಟ್ರೋಲು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಕಡಮೆಯಾದರೆ ಇಂಗಾಲದ ಒಂದಂಶ ಉರಿಯದೆ ಮಸಿಯಾಗಿ ಉಳಿಯುತ್ತದೆ. ನಮ್ಮ ಅಜ್ಜಿಯವರ ಕಾಲದ ಕಂದೀಲಿನ ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜು ಕಪ್ಪಾಗುತ್ತಿದ್ದುದು ಇದೇ ಕಾರಣದಿಂದ. ಎಂಜಿನ್ನಿನಲ್ಲಿ ಮಸಿಗೆ ಇನ್ನೊಂದು ಮೂಲವುಂಟು. ಪಿಸ್ಟನ್ನಿನ ಬಳೆಗಳು ಸವೆದಿದ್ದರೆ ಕೀಲೆಣ್ಣೆಯು ಅವುಗಳ ಪಕ್ಕದಿಂದ ಮೇಲೇರಿ ದಹನಕೋಣೆಯಲ್ಲಿ ಸುಟ್ಟು, ಗಟ್ಟಿಯಾದ ಕಿಟ್ಟವಾಗಿ ಅಂಟಿಕೊಳ್ಳುತ್ತದೆ.

ಇಷ್ಟು ತೆಳುವಾದ ಪದರಿನಿಂದ ಏನಾದೀತೆಂದು ಕೇಳುವವರು ಒಂದು ಲೆಕ್ಕವನ್ನು ಮಾಡಿ ನೋಡಲಿ. ನಾಲ್ಕು ಸಿಲಿಂಡರುಗಳ 1200 ಘನ ಸೆಂಟಿಮೀಟರ್ ಎಂಜಿನ್ನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ 300 ಘನ ಸೆಂಟಿಮೀಟರ್ ಸ್ಥಳವನ್ನು ಗುಡಿಸುತ್ತದೆ. ಪಿಸ್ಟನ್ನು ತುತ್ತತುದಿಗೆ ಬಂದಾಗ ಅದರ ಮೇಲೆ ಉಳಿಯುವ ಸ್ಥಳ 40 ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ, 340 ಅನ್ನು 40ರಿಂದ ಭಾಗಿಸಿದ 8.5 ಎಂಬುದೇ ಸಂಪೀಡನದ ಪ್ರಮಾಣ. ಕಿಟ್ಟವು ಕೇವಲ 3 ಘನ ಸೆಂಟಿಮೀಟರ್ ಸ್ಥಳವನ್ನು ಆಕ್ರಮಿಸಿದರೆ ಈ ಪ್ರಮಾಣ ಸುಮಾರು 9.1ಕ್ಕೆ ಏರುತ್ತದೆ. ಹೂಳು ಜಲಾಶಯಕ್ಕೆ ಮಾಡುವುದನ್ನೇ ಕಿಟ್ಟವು ಸಿಲಿಂಡರಿಗೆ ಮಾಡುತ್ತದೆ. ಹೆಚ್ಚು ಅದುಮಲ್ಪಟ್ಟ ಮಿಶ್ರಣ ಹೆಚ್ಚು ಬಿಸಿಯಾಗುತ್ತದೆ. ಅದರ ಮೇಲೆ ಕಿಟ್ಟವು ಉಷ್ಣವನ್ನು ಸರಿಯಾಗಿ ಸಾಗಿಸದ ವಸ್ತುವಾದುದರಿಂದ ತಾನೂ ಕೆಂಡದಂತೆ ಕಾದಿರುತ್ತದೆ. ಮಿಶ್ರಣದ ಒಂದು ಭಾಗ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸ್ಫೋಟಿಸುತ್ತದೆ. ಏರಿನಲ್ಲಿ ಕೇಳಿದ ಬಡಿತ ಅದೇ. ಕಿಡಿಯಿಲ್ಲದೆಯೂ ಎಂಜಿನ್ನನ್ನು ಓಡಿಸಿದುದು ಆ ಕೆಂಡವೇ.

ಈಗ ಮನೆಮದ್ದುಗಳನ್ನು ನೋಡೋಣ. ಓಡುವ ಎಂಜಿನ್ನಿಗೆ ನೀರು ಕುಡಿಸಿದರೆ ಅದು ಆವಿಯಾಗಿ ಮಸಿಯನ್ನು ಸಡಿಲಿಸುವುದು ಸುಳ್ಳಲ್ಲ. ಆದರೆ ನೀರನ್ನು ಗಾಳಿಯಂತೆ ಅದುಮಲಾಗದು. ನಮ್ಮ ಉದಾಹರಣೆಯ ಸಿಲಿಂಡರಿನಲ್ಲಿ ಉಳಿದಿರುವ ಸ್ಥಳ 40 ಘನ ಸೆಂಟಿಮೀಟರ್, ಅಂದರೆ ಅರ್ಧ ಕಪ್ಪು ಚಹಾ ಹಿಡಿಸುವಷ್ಟೂ ಅಲ್ಲ. ಅದಕ್ಕಿಂತ ಹೆಚ್ಚು ನೀರು ಒಮ್ಮೆಗೇ ಒಳಹೊಕ್ಕರೆ ಪಿಸ್ಟನ್ನು ಮೇಲೇರಲಾರದು, ಅದನ್ನು ತಳ್ಳುವ ಉಕ್ಕಿನ ದಂಡ ಬಾಗುತ್ತದೆ. ಇನ್ನು ಕೆಲವರು ಪ್ಲಗ್ಗಿನ ರಂಧ್ರದಿಂದ ದ್ರಾವಕವನ್ನು ಸುರಿದು ರಾತ್ರಿಯಿಡೀ ನೆನೆಯಿಡುತ್ತಾರೆ. ಅದರ ಒಂದಂಶ ಕೆಳಗಿಳಿದು ಕೀಲೆಣ್ಣೆಯನ್ನು ತೆಳುಮಾಡುವುದರಿಂದ ಎಣ್ಣೆಯನ್ನು ಬದಲಿಸದೆ ಓಡಿಸಿದರೆ ಬೇರಿಂಗುಗಳಿಗೆ ಕೇಡು. ಉಳಿದುದು ಎಂಜಿನ್ನನ್ನು ತಿರುಗಿಸಿದಾಗ ಚಿಮ್ಮಿ ಕಣ್ಣಿಗೂ ಬೆಂಕಿಗೂ ಎಡೆಮಾಡುತ್ತದೆ. ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಭಾಗಗಳನ್ನು ಅದ್ದುವ ಪದ್ಧತಿ ಎರಕದ ಕಬ್ಬಿಣಕ್ಕೆ ಒಗ್ಗೀತು. ಅಲ್ಯೂಮಿನಿಯಮ್ಮನ್ನಾದರೆ ಅದು ಜಲಜನಕವನ್ನು ಹೊರಡಿಸುತ್ತ ತಿಂದುಹಾಕುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಮನೆಯಲ್ಲಿ ಏನನ್ನೂ ಮುಟ್ಟಬಾರದೆ? ನಮ್ಮ ಅಭಿಪ್ರಾಯ ಹಾಗಲ್ಲ. ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಮಸಿಯನ್ನು ತೆಗೆಯುವುದಲ್ಲ, ಅದನ್ನು ಓದುವುದು. ಎಂಜಿನ್ನು ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಸಾಲಾಗಿ ಇಡಿರಿ. ತುದಿಯು ತಿಳಿಗಂದು ಬಣ್ಣದ್ದಾಗಿದ್ದರೆ ದಹನ ಸರಿಯಾಗಿದೆ. ಒಣಗಿದ, ಮಖಮಲ್ಲಿನಂಥ ಕಪ್ಪು ಇದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲದು. ಜಿಡ್ಡಾದ ಕಪ್ಪಿದ್ದರೆ ಕೀಲೆಣ್ಣೆ ಮೇಲೇರುತ್ತಿದೆ. ಹೊಗೆಯೂ ಇದನ್ನೇ ಹೇಳುತ್ತದೆ: ಕಪ್ಪು ಹೊಗೆ ಪೆಟ್ರೋಲಿನ ಅತಿರೇಕಕ್ಕೂ ನೀಲಿ ಹೊಗೆ ಎಣ್ಣೆಯ ದಹನಕ್ಕೂ ಸಾಕ್ಷಿ.

ನಮ್ಮ ಕಾರಿನ ನಾಲ್ಕು ಪ್ಲಗ್ಗುಗಳೂ ಒಣಗಪ್ಪಾಗಿದ್ದುವು. ವಿದ್ಯಾರ್ಥಿಗಳೇ ಕಾರಣವನ್ನು ಹುಡುಕಿದರು. ಗಾಳಿಯ ಸೋಸುಕದ ತುಂಬ ಎರೆಭೂಮಿಯ ಧೂಳು. ಚೋಕಿನ ಕವಾಟ ಅರ್ಧ ಮುಚ್ಚಿದಂತೆಯೇ ಅಂಟಿಕೊಂಡಿತ್ತು. ಅವೆರಡನ್ನೂ ಸರಿಪಡಿಸಿದ ತರುವಾಯವೇ ಪರಿಚಿತ ಮೇಸ್ತ್ರಿಯೊಬ್ಬರ ನೆರವಿನಿಂದ ಸಿಲಿಂಡರಿನ ತಲೆಯನ್ನು ಬಿಚ್ಚಿ, ಅಲ್ಯೂಮಿನಿಯಮ್ಮಿಗೆ ಗೀರು ಬೀಳದಂತೆ ಮರದ ಚಕ್ಕೆಯಿಂದ ಕಿಟ್ಟವನ್ನು ಕೆರೆದೆವು. ಎಲ್ಲವನ್ನೂ ಒಟ್ಟುಗೂಡಿಸಿದರೆ ಒಂದು ಹಿಡಿಯಾಗಲಿಲ್ಲ. ಕೆರೆಯುವಾಗ ಧೂಳೇಳದಂತೆ ಎಣ್ಣೆಯಿಂದ ಒದ್ದೆಮಾಡಿಕೊಂಡಿದ್ದೆವು. ಏಕೆಂದರೆ ನಮ್ಮ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಮಾರಾಟಕ್ಕೆ ಬಂದುದು 2000ನೆಯ ಇಸವಿಯ ಫೆಬ್ರುವರಿಯಲ್ಲಿ. ಅದಕ್ಕೂ ಹಿಂದೆ ಓಡಿದ ಎಂಜಿನ್ನಿನ ಹಳೆಯ ಕಿಟ್ಟದಲ್ಲಿ ಸೀಸದ ಸಂಯುಕ್ತಗಳಿರಬಹುದು. ಅವು ಉಸಿರಿನೊಡನೆ ಒಳಹೋಗತಕ್ಕ ವಸ್ತುಗಳಲ್ಲ.

ಇಂದಿನ ವಾಹನಗಳಲ್ಲಿ ಕಾರ್ಬ್ಯುರೇಟರಿಲ್ಲವಾದುದರಿಂದ ಈ ಮಾತುಗಳೆಲ್ಲ ಹಳತಾದುವೆಂದು ಕೆಲವರು ಹೇಳಬಹುದು. ಹಾಗಿಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸುವ ಹೊಸ ಎಂಜಿನ್ನುಗಳಲ್ಲಿ ಒಳಬರುವ ಗಾಳಿಯ ಕವಾಟದ ಬೆನ್ನನ್ನು ಪೆಟ್ರೋಲು ತೊಳೆಯುವುದಿಲ್ಲ. ಅಲ್ಲಿ ಕಿಟ್ಟವು ಇನ್ನೂ ಸುಲಭವಾಗಿ ಕುಳಿತುಕೊಳ್ಳುತ್ತದೆ. ಅವುಗಳ ಹೊಗೆಗೊಳವೆಯಲ್ಲಿರುವ ಆಮ್ಲಜನಕದ ಸಂವೇದಕವೂ ವೇಗವರ್ಧಕದ ಪೆಟ್ಟಿಗೆಯೂ ಸಡಿಲಿದ ಕಿಟ್ಟದಿಂದ ಕೆಡಬಹುದು. ಆದುದರಿಂದ ಅಂಥವುಗಳನ್ನು ಬಲ್ಲವರ ಕೈಗೊಪ್ಪಿಸುವುದೇ ಲೇಸು. ಆದರೂ ‘ಮಸಿ ಏಕೆ ಕುಳಿತಿತು?’ ಎಂಬ ಪ್ರಶ್ನೆಯನ್ನು ಕೇಳುವುದು ಒಡೆಯನ ಕರ್ತವ್ಯವಾಗಿಯೇ ಉಳಿಯುತ್ತದೆ. ಈ ಪ್ರಶ್ನೆಯನ್ನು ಕೇಳದೆ ಪ್ರತಿವರ್ಷವೂ ಶುದ್ಧಿ ಮಾಡಿಸುವವನು ಹಣವನ್ನೂ ಇಂಧನವನ್ನೂ ಕಳೆದುಕೊಳ್ಳುತ್ತಾನೆ. ಬೀದಿಯಲ್ಲಿ ನಡೆಯುವವರ ಶ್ವಾಸಕೋಶಗಳಿಗೆ ತನ್ನ ಹೊಗೆಯನ್ನು ಹಂಚುತ್ತಾನೆ.

ಇದರಲ್ಲಿ ವಿದ್ಯಾರ್ಥಿಗಳಿಗೆ ಇನ್ನೂ ಒಂದು ಹಿತವುಂಟು. ಅನಿಲಗಳ ನಿಯಮಗಳನ್ನು ತಪ್ಪಿಲ್ಲದೆ ಬರೆಯುವ ನಮ್ಮ ತರಗತಿಯ ಜಾಣರು ಪ್ಲಗ್ಗೊಂದನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಪ್ಲಗ್ಗುಗಳನ್ನು ದಿನವೂ ಬಿಚ್ಚುವ ಹುಡುಗರಿಗೆ ಆ ನಿಯಮಗಳನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಗೋಡೆ ನಮ್ಮ ಸೀಮೆಗೆ ಒಪ್ಪುವುದಲ್ಲ. 1869ರಲ್ಲಿ ಇದೇ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಅವರು ಬೆಳಗಾವಿಯಲ್ಲಿ ಸೈಕಲ್ಲುಗಳ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನವರೆಗೆ ಸಾಗಿದರು. ಕೈ ಕಪ್ಪಾದುದರಿಂದ ಅವರ ವಿದ್ಯೆಗೆ ಕುಂದು ಬರಲಿಲ್ಲ.

ನಾವು ಮತ್ತೊಮ್ಮೆ ಆ ಗುಡ್ಡವನ್ನು ಏರಿದಾಗ ಎಂಜಿನ್ನು ಸದ್ದಿಲ್ಲದೆ ಎಳೆಯಿತು. ಕೀಲಿ ತಿರುಗಿಸಿದ ಕೂಡಲೇ ನಿಂತಿತು. ಆಗ ನಮ್ಮ ಅಜ್ಜಿಯವರ ನೆನಪಾಯಿತು. ಅವರು ಸಂಜೆಯಾಗುತ್ತಲೇ ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ ಒರೆಸುತ್ತಿದ್ದರು. ಆದರೆ ಅದಕ್ಕೂ ಮೊದಲು ಬತ್ತಿಯ ಕರಕಲು ತುದಿಯನ್ನು ಸಮನಾಗಿ ಕತ್ತರಿಸುತ್ತಿದ್ದರು.