ಹಳೆಯ ಕಾರು, ಇನ್ನೂ ಹಳೆಯ ಕಾಯಿದೆ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅಮೃತಮಹಲ್ ಕಾವಲುಗಳ ಸೀಮೆಯವರಾದ ನಮಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮೋಟಾರಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ!

ಪರಶುರಾಂಪುರದ ನಾವು ನಾಲ್ವರು, ಇಬ್ಬರು ಎಣ್ಣೆ ಮಿಲ್ಲಿನ ಕೆಲಸಗಾರರು, ಒಬ್ಬ ಬಟ್ಟೆ ವ್ಯಾಪಾರಿ, ಉಳಿದವನು ಇದನ್ನು ಬರೆಯುತ್ತಿರುವವನು, ಚೀಟಿ ಎತ್ತಿ, ಕೈಗಡ ತಂದು, 1,80,000 ರೂಪಾಯಿಗೆ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡೆವು. ಸಂತೆಗೆ ಬಟ್ಟೆಯ ಗಂಟು ಒಯ್ಯುವುದಕ್ಕೆ, ರಾತ್ರಿ ಪಾಳಿ ಮುಗಿಸಿ ಚಳ್ಳಕೆರೆಯಿಂದ ಊರು ಸೇರುವುದಕ್ಕೆ ಆದೀತೆಂಬ ಆಸೆ.

ಹತ್ತು ದಿನದೊಳಗೆ ಕಾರು ತನ್ನ ಗುಣ ತೋರಿಸಿತು. ತಣ್ಣಗಿದ್ದಾಗ ಒಂದೇ ಸಲಕ್ಕೆ ಹೊರಡುತ್ತದೆ. ಅರ್ಧ ಗಂಟೆ ಓಡಿ ಇಂಜಿನು ಕಾದ ಮೇಲೆ, ದೀಪ ಆರಿದಂತೆ ನಿಂತುಬಿಡುತ್ತದೆ. ರಸ್ತೆ ಬದಿಯ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾದರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಒಬ್ಬ ಮೆಕ್ಯಾನಿಕ್ ಪ್ಲಗ್ಗು ಎಂದ, ಬದಲಾಯಿಸಿದೆವು. ಇನ್ನೊಬ್ಬ ಫಿಲ್ಟರು ಎಂದ, ಮೂರನೆಯವ ಪೆಟ್ರೋಲ್ ಪಂಪು ಎಂದ. ಚಿತ್ರದುರ್ಗದಲ್ಲಿ ಸ್ಕ್ಯಾನರು ಹಾಕಿಸಿದರೆ ಅದು ಯಾವ ದೋಷವನ್ನೂ ತೋರಿಸಲಿಲ್ಲ. ಕ್ರ್ಯಾಂಕ್ ಸೆನ್ಸರು ಬಿಸಿಯಾದಾಗ ಕೈಕೊಟ್ಟರೆ ಹೀಗೆಯೇ ಆಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ ಎಂದು ಅಲ್ಲಿನ ಹುಡುಗನೊಬ್ಬ ಹೇಳಿದ. ಅದನ್ನೂ ಹಾಕಿಸಿದೆವು. ಎರಡು ವಾರ ನೆಮ್ಮದಿ. ಮೂರನೆಯ ವಾರ, ಸಂತೆಯ ದಿನವೇ, ಮತ್ತೆ ನಿಂತಿತು. ಅಷ್ಟರಲ್ಲಿ 14,000 ರೂಪಾಯಿ ಕರಗಿತ್ತು.

ಮಾರಿದವನನ್ನು ಕೇಳಿದೆವು. "ನೀವೇ ಓಡ್ಸಿ ನೋಡಿ ತಗೊಂಡ್ರಲ್ಲ ಸ್ವಾಮಿ? ಹೆಸ್ರೇ ಇಲ್ಲದ ರೋಗಕ್ಕೆ ನಾನೇನ್ ಮಾಡ್ಲಿ?" ಎಂದ. ಓಡಿಸಿದ್ದು ನಿಜ. ಅವನು ಗೊತ್ತುಮಾಡಿದ ಬೆಳಗಿನ ಹೊತ್ತಿನಲ್ಲಿ, ಊರೊಳಗೆ ಹತ್ತು ನಿಮಿಷ! ಹಿಂದಿನ ಮಾಲೀಕನಿಗಾಗಲಿ ಈತನಿಗಾಗಲಿ ಇದು ತಿಳಿದೇ ಇರಲಿಲ್ಲವೆಂದು ನಂಬಲು ನಾವು ಸಿದ್ಧರಿಲ್ಲ.

ಕಾಯಿದೆ ಏನನ್ನುತ್ತದೆ? 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆ ಇದೆ. ಕುದುರೆ ಸರಿಯಿಲ್ಲವೆಂದು ಬಲ್ಲವನು, ಬಾಯಿ ಬಿಡದೆ ಅದನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲವಂತೆ. ಆದರೆ ಕೊಳ್ಳುವವನು "ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ" ಎಂದ ಮೇಲೆ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ವಾಚಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂಗಡ ಕೊಡುವ ಮುನ್ನ ಸಾಕ್ಷಿಯೆದುರು ಹೀಗೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ನಾವು ಕೇಳಲಿಲ್ಲ, ಚಹಾ ಕುಡಿದು ಹಣ ಎಣಿಸಿಕೊಟ್ಟೆವು.

ಹಳೆಯ ವಾಹನದ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ತಮ್ಮಲ್ಲಿರುವ ಕಾರನ್ನು ಯಾರು, ಯಾತಕ್ಕೆ, ಎಷ್ಟು ದೂರ ಓಡಿಸಿದರೆಂಬ ಲೆಕ್ಕವನ್ನೂ ಅವರು ಇಡಬೇಕು. ಒಳ್ಳೆಯದೇ. ಆದರೆ ಇಂಜಿನಿನ ಸ್ಥಿತಿಯನ್ನು ಬರೆದು, ಸಹಿ ಹಾಕಿ ಕೊಡಬೇಕೆಂದು ಏಕಿಲ್ಲ? ಕಾದ ಇಂಜಿನಿನಲ್ಲಿ ಒಂದು ಗಂಟೆ ಓಡಿಸಿ ನೋಡುವ ಹಕ್ಕು, ಹದಿನೈದು ದಿನದೊಳಗೆ ಹಿಂದಿರುಗಿಸುವ ಹಕ್ಕು, ಇವೆರಡೂ ಕೊಳ್ಳುವವನಿಗೆ ಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹೊಸ ಕಾರು ಕೊಳ್ಳಬಲ್ಲವರಿಗೆ ವಾರಂಟಿಯ ಪುಸ್ತಕವೇ ಸಿಗುತ್ತದೆ. ಅದು ಹೆಚ್ಚಾಗಿ ಬೇಕಾದವನಿಗೆ ಒಂದು ಚೀಟಿಯೂ ಇಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇಷ್ಟು ನಿರ್ದಯವಾಗಿಲ್ಲ. ವ್ಯಾಪಾರಿ ದೋಷವಿರುವ ವಸ್ತು ಮಾರಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿ ಕೊಂಡ ಸಣ್ಣ ವ್ಯಾಪಾರಿಯೂ ಗ್ರಾಹಕನೇ. ಶುಲ್ಕವೇನೋ ಇಲ್ಲ, ಆದರೆ ಒಂದೊಂದು ವಾಯಿದೆಗೂ ಚಿತ್ರದುರ್ಗಕ್ಕೆ ಹೋದರೆ ಮಿಲ್ಲಿನವನ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೆ ಯಾವ ಕಾಯಿದೆ?

ಆದರೂ ದೂರು ಬರೆಯುತ್ತಿದ್ದೇವೆ. ಕಾರು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ನಿಂತಿತೆಂದು ಬಟ್ಟೆ ವ್ಯಾಪಾರಿ ತನ್ನ ಸಾಲದ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕಿಟ್ಟಿದ್ದಾನೆ. ಸೆನ್ಸರು ಹಾಕಿದ ಹುಡುಗ ತಾನು ಕಂಡದ್ದನ್ನು ಬರೆದುಕೊಡಲು ಒಪ್ಪಿದ್ದಾನೆ.